ಕೊಸರು ಕೊಡದ ಗೆರೆ ಮೇಡಂ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗೆರೆ ಮೇಡಂ ಅನ್ನುತ್ತಿದ್ದರು. ನಾನು ಮಾತ್ರ ಮೊದಮೊದಲು ಕಲ್ಲುಹೃದಯದವಳು ಅನ್ನುತ್ತಿದ್ದೆ. ತರಕಾರಿ ಅಂಗಡಿಯವಳು ನಾನು. ನನ್ನ ಬಾಯಿ ಜೋರು, ಅದಕ್ಕೇನು ಮಾಡಲಿ?

ನನ್ನ ಗಂಡ ಲಾರಿ ಮೆಕ್ಯಾನಿಕ್. ಅವರ ಲಿವರಿನ ಬಲಭಾಗದಲ್ಲಿ ಗಡ್ಡೆ ಬೆಳೆದಿತ್ತು. ಆ ಭಾಗವನ್ನು ತೆಗೆದುಹಾಕಬೇಕು, ಉಳಿದ ಎಡಭಾಗದಲ್ಲೇ ಅವರು ಬದುಕಬೇಕು. ಎಡಭಾಗ ತೀರಾ ಚಿಕ್ಕದಾಗಿದ್ದರೆ ಆಪರೇಶನ್ ಮಾಡುವ ಹಾಗಿಲ್ಲ ಎಂದು ಸರ್ಜನ್ ಮೊದಲೇ ಹೇಳಿದ್ದರು. ಅದು ಎಷ್ಟಿದೆ ಎಂದು ಅಳೆಯುವ ಕೆಲಸ ಗೆರೆ ಮೇಡಂದು.

ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಅವಳದು. ಎರಡು ಪರದೆ, ಮೂಲೆಯಲ್ಲಿ ಗುಂಯ್ ಎನ್ನುವ ಪ್ರಿಂಟರು, ಬಾಗಿಲ ಹಿಂದೆ ನೇತುಹಾಕಿದ ಸ್ವೆಟರು. ಸ್ಕ್ಯಾನ್ ಯಂತ್ರ ಹೊಟ್ಟೆಯನ್ನು ತೆಳು ಬಿಲ್ಲೆಗಳಾಗಿ ಹೆಚ್ಚಿದ ಹಾಗೆ ನೂರಾರು ಚಿತ್ರ ತೆಗೆದುಕೊಡುತ್ತದೆ. ಒಂದೊಂದರಲ್ಲೂ ಲಿವರಿನ ಅಂಚಿಗೆ ಗೆರೆ ಎಳೆದು, ರಕ್ತನಾಳಕ್ಕೆ ಬಣ್ಣ ತುಂಬಿ, ಒಂದರ ಮೇಲೊಂದು ಜೋಡಿಸಿದರೆ ಪರದೆಯ ಮೇಲೆ ಇಡೀ ಲಿವರ್ ಎದ್ದು ನಿಲ್ಲುತ್ತದೆ. ಅದನ್ನೇ ಪ್ರಿಂಟರು ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಡುತ್ತದೆ. ಸರ್ಜನ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಎಲ್ಲಿ ಕೊಯ್ಯಬೇಕೆಂದು ತೀರ್ಮಾನಿಸುತ್ತಾರೆ. ವರ್ಷಗಟ್ಟಲೆ ಸ್ಕ್ಯಾನ್ ಕೋಣೆಯಲ್ಲಿ ‘ಉಸಿರು ಬಿಗಿಹಿಡೀರಿ, ಈಗ ಬಿಡಿ’ ಅನ್ನುತ್ತಾ ಇದ್ದವಳು ಹಟ ಹಿಡಿದು ಈ ಕೆಲಸ ಕಲಿತಳಂತೆ. ಮಗಳ ಕೈಗೆ ಸೌತೆಕಾಯಿ ಹೆಚ್ಚಲು ಕೊಟ್ಟರೆ, ಬಿಲ್ಲೆಗಳೆಲ್ಲ ಒಂದೇ ಸಮ ಬರುವಷ್ಟರಲ್ಲಿ ಊಟ ಆರಿಹೋಗುತ್ತದೆ ಎಂದು, ಡಬ್ಬಿ ತಂದುಕೊಡುವ ಅವಳ ತಾಯಿ ನನ್ನ ಹತ್ತಿರ ಗೊಣಗಿದ್ದರು.

ನನ್ನ ಗಂಡನ ಲಿವರಿನ ಮಾದರಿ ತೋರಿಸಿದ ದಿನ ಅವಳು ಏನನ್ನೂ ಮುಚ್ಚಿಡಲಿಲ್ಲ.

“ಅಕ್ಕ, ಕಂಪ್ಯೂಟರ್ ತಾನಾಗೇ ಗೆರೆ ಹಾಕಿದಾಗ ಎಡಭಾಗ ಸಾಕಾಗೋಷ್ಟಿತ್ತು. ಆದ್ರೆ ಇಲ್ಲಿ ನೋಡಿ, ಪಕ್ಕದಲ್ಲೇ ಜಠರ ಅಂಟ್ಕೊಂಡಿದೆ. ಎರಡೂ ಒಂದೇ ಬೂದು ಬಣ್ಣ. ಜಠರದ ಗೋಡೆನೂ ಲಿವರ್ ಅಂತ ಸೇರಿಸ್ಕೊಂಡುಬಿಟ್ಟಿತ್ತು. ನಾನು ಅದನ್ನ ಅಳಿಸ್ದೆ. ಈಗ ಸ್ವಲ್ಪ ಕಮ್ಮಿ ಬರ್ತಿದೆ.”

ಸರ್ಜನ್ ಕೂಡ ಅದನ್ನೇ ಒಪ್ಪಿದರು. ಗಡ್ಡೆಯಿರುವ ಕಡೆಗೆ ಹೋಗುವ ರಕ್ತನಾಳ ಮುಚ್ಚಿದರೆ ಎಡಭಾಗ ಬೆಳೆಯಬಹುದು, ಕೆಲವು ವಾರ ಕಾಯೋಣ ಎಂದರು. ಅಷ್ಟರಲ್ಲಿ ಗಡ್ಡೆಯೇ ಬೆಳೆದುಬಿಟ್ಟರೆ ಎಂದು ಕೇಳಿದೆ. ಹಾಗೂ ಆಗಬಹುದು ಎಂದರು. ಸೀದಾ ಅವಳ ಕೋಣೆಗೆ ನುಗ್ಗಿದೆ.

“ಕಂಪ್ಯೂಟರೇ ಸಾಕು ಅಂದಿತ್ತಲ್ಲ, ಅಳಿಸೋಕೆ ನೀವ್ಯಾರು? ದಿನಾ ಬಂದವರಿಗೆಲ್ಲ ಕೊಸರು ಹಾಕ್ತೀನಿ ನಾನು, ಒಂದು ಹಿಡಿ ಸೊಪ್ಪು, ಎರಡು ಮೆಣಸಿನಕಾಯಿ. ಒಂದು ಗೆರೆ ಆಚೆ ಎಳೆದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ನೀವು ಹಾಕೋ ಕೊಸರು ಅವರ ಚೀಲದಲ್ಲಿರುತ್ತೆ ಅಕ್ಕ. ನಾನು ಹಾಕೋದು ಪರದೆ ಮೇಲಷ್ಟೇ ಇರುತ್ತೆ. ನಿಮ್ಮ ಯಜಮಾನ್ರ ಹೊಟ್ಟೇಲಿ ಇರಲ್ಲ.”

“ನಿಮ್ಮ ಗಂಡ ಆಗಿದ್ರೆ?”

“ಆಗ್ಲೂ ಅಳಿಸ್ತಿದ್ದೆ. ಅತ್ಕೊಂಡು ಅಳಿಸ್ತಿದ್ದೆ, ಅಷ್ಟೇ.”

ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಿರುಗಿ ಬಯ್ಯಲಿಲ್ಲ, ಗೆರೆಯನ್ನೂ ಸರಿಸಲಿಲ್ಲ. ಇದನ್ನು ಕೇಳಿ ನನ್ನ ಗಂಡ ಮಾತ್ರ, “ಪಾಪ, ಅವಳ ತಲೆ ಯಾಕೆ ತಿಂತೀಯ? ನನ್ನ ತಲೆ ಇದೆಯಲ್ಲ” ಎಂದು ನಕ್ಕರು.

ರಕ್ತನಾಳ ಮುಚ್ಚಿದರು. ಆ ವಾರಗಳನ್ನು ಹೇಗೆ ದೂಡಿದೆನೋ ನನಗೇ ಗೊತ್ತು. ತಕ್ಕಡಿಗೆ ಈರುಳ್ಳಿ ಹಾಕುವಾಗಲೂ ಬೆಳೀತೋ ಇಲ್ಲವೋ ಎಂಬುದೊಂದೇ ಯೋಚನೆ.

ಮತ್ತೆ ಸ್ಕ್ಯಾನ್ ಆಯಿತು. ಬಾಗಿಲು ಹಾಕಿಕೊಂಡು ಅವಳು ಒಳಗೆ ಕೂತಳು, ಹೊರಗೆ ಬೆಂಚಿನ ಮೇಲೆ ನಾನು. ಅವಳ ಊಟದ ಡಬ್ಬಿ ನನ್ನ ಪಕ್ಕದಲ್ಲೇ ಉಳಿಯಿತು. ಸಂಜೆ ಬಾಗಿಲು ತೆರೆಯಿತು.

“ಸಾಕಾಗೋಷ್ಟಿದೆ ಅಕ್ಕ. ಗಡ್ಡೆನೂ ಬೆಳೆದಿಲ್ಲ.”

ಕುಣಿದಾಡಬೇಕಿತ್ತು ನಾನು. ಬದಲಿಗೆ ಅನುಮಾನ ಹುಟ್ಟಿತು. ಅವಳ ಕೈ ಹಿಡಿದುಕೊಂಡೆ.

“ನನ್ನ ಗಲಾಟೆಗೆ ಹೆದರಿ ಗೆರೆ ಸರಿಸಿಲ್ಲ ತಾನೇ? ನಿಜ ಹೇಳಮ್ಮ. ಕಮ್ಮಿ ಇದ್ರೆ ಕಮ್ಮಿ ಅನ್ನು. ನನಗೆ ಕೊಸರು ಬೇಡ!”

ಮೊದಲ ಸಲ ಅವಳಿಗೆ ಸಿಟ್ಟು ಬಂತು. “ನಿಮ್ಮ ಗಲಾಟೆಗೆ ಸರಿಸೋ ಹಾಗಿದ್ರೆ ಅವತ್ತೇ ಸರಿಸ್ತಿದ್ದೆ!” ಅಂದವಳು ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಎರಡು ಸಲ ಗೆರೆ ಹಾಕ್ದೆ ಅಕ್ಕ. ಎರಡನೇ ಸಲ, ಅನುಮಾನ ಬಂದ ಕಡೆಯೆಲ್ಲ ಗೆರೆ ಒಳಗೇ ಎಳೆದೆ. ಆದ್ರೂ ಸಾಕು ಅಂತಿದೆ.”

ನಾಚಿಕೆಪಡದೆ ಅಲ್ಲೇ ನಿಂತು ಅತ್ತೆ. ಮುಖ ಒರೆಸಿಕೊಂಡು ವಾರ್ಡಿಗೆ ಹೋಗಿ ಗಂಡನಿಗೆ ಹೇಳಿದೆ: “ಹೆದರ್ಬೇಡ್ರಿ, ಕೊಯ್ಯಿಸ್ಕೊಳ್ಳಿ. ಆ ಹುಡುಗಿ ಅಳೆದಿದ್ದಾಳೆ.”

ಸರ್ಜನ್ ಅವಳ ಹೊಸ ಮಾದರಿಯನ್ನು ಎದುರಿಗೇ ಇಟ್ಟುಕೊಂಡು ಆಪರೇಶನ್ ಮಾಡಿದರಂತೆ. ಇವರು ಕಣ್ಣು ಬಿಟ್ಟವರೇ, ಅಂಗಡಿ ಯಾರು ನೋಡ್ಕೊಳ್ತಿದ್ದಾರೆ ಎಂದು ಕೇಳಿದರು. ಬೀಗ ಹಾಕಿದೀನಿ, ಬಾಯಿ ಮುಚ್ಕೊಂಡು ಮಲಗಿ ಎಂದು ಗದರಿದೆ. ಗದರುವುದಕ್ಕೆ ಗಂಡ ಇದ್ದಾರಲ್ಲ ಎಂದು ಎಷ್ಟು ಖುಷಿಯಾಯಿತು ಅಂತೀರಿ!