ಕೊನೆಗೆ ಉಳಿದಿದ್ದ ಒಂದು ಕಂಪ್ಯೂಟರ್

ನಮ್ಮ ಕಚೇರಿಯಲ್ಲಿ ನನ್ನ ತಮ್ಮನಿಗೆ ‘ರಿಪೇರಿ’ ಎಂದೇ ಹೆಸರು. ಜನನ ಮರಣ ನೋಂದಣಿಯ ಕಚೇರಿ ಅದು. ಕೌಂಟರಿನಲ್ಲಿ ನಾನು, ಹಿಂದಿನ ಕೋಣೆಯಲ್ಲಿ ವೈರುಗಳ ನಡುವೆ ಅವನು. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ. ಹಿಡಿದ ಕೆಲಸ ಮುಗಿಯದೆ ಊಟಕ್ಕೂ ಏಳುವುದಿಲ್ಲ, ಆದರೆ ಮುಗಿಸುವ ಭರದಲ್ಲಿ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ, ನನ್ನ ಕೈಯಲ್ಲಿ ಏಟು ತಿಂದರೂ ಬದಲಾಗಲಿಲ್ಲ.

ಕಂಪ್ಯೂಟರುಗಳ ಲೈಸೆನ್ಸ್ ಮುಗಿಯುತ್ತ ಬಂದಾಗ ಸಾಹೇಬರು ಅವನನ್ನು ಕರೆದರು.

"ಎಲ್ಲಾದಕ್ಕೂ ಆ ಓಪನ್ ಸೋರ್ಸ್ ಹಾಕು, ಅದು ಪುಕ್ಕಟೆ. ಆದ್ರೆ ದಾಖಲೆ ಇರೋ ಸರ್ವರು ಮೇಲಿನ ಕಚೇರೀದು, ಅದನ್ನ ಮುಟ್ಟೋ ಹಾಗಿಲ್ಲ. ಸೋಮವಾರ ಹತ್ತಕ್ಕೆ ದಾಖಲೆ ತೆರೀಬೇಕು. ತೆರೆದ್ರೆ ನಿನ್ನ ಕೆಲಸ ಕಾಯಂ. ಇಲ್ಲಾಂದ್ರೆ ಹೊರಗಿನವರು ಬರ್ತಾರೆ, ನೀನು ಹೊರಡ್ತೀಯ."

ತಮ್ಮ ಮೊದಲು ತನ್ನ ಕಂಪ್ಯೂಟರನ್ನೇ ಬದಲಿಸಿ, ತನ್ನ ಪಾಸ್‌ವರ್ಡ್ ಒತ್ತಿದ. ಸರ್ವರಿನಲ್ಲಿದ್ದ ಅವನ ಫೈಲುಗಳೆಲ್ಲ ತೆರೆದವು. "ನೋಡಕ್ಕಾ, ಹಾಲು ಸಕ್ಕರೆ ಥರ ಬೆರೆತುಹೋಯ್ತು" ಎಂದ.

ಒಪ್ಪದವರು ಟೈಪಿಸ್ಟಮ್ಮ ಒಬ್ಬರೇ. "ಎಲ್ಲರದೂ ಒಂದು ವಾರ ಸರಿಯಾಗಿ ನಡೀಲಿ. ಆಮೇಲೆ ನಂದು ಮುಟ್ಟು" ಎಂದರು. ಅವನು ಆಗಲಿ ಎಂದು ಮಾತು ಕೊಟ್ಟ. ಶನಿವಾರ, ಭಾನುವಾರ ಕಚೇರಿಗೆ ರಜೆ. ಅವನು ಒಬ್ಬನೇ ಕೂತು ಹಳೆಯದನ್ನೆಲ್ಲ ಅಳಿಸಿ ಹೊಸದು ಹಾಕಿದ.

ಸೋಮವಾರ ಒಂಬತ್ತಕ್ಕೆ ನನ್ನ ಪರದೆ ದಾಖಲೆಯ ಪಾಸ್‌ವರ್ಡ್ ಕೇಳಿತು. ನನಗೇನು ಗೊತ್ತು? ಹಳೆಯದು ಕೇಳುತ್ತಲೇ ಇರಲಿಲ್ಲ. ಪಕ್ಕದ ಗುಮಾಸ್ತನೂ ಕಣ್ಣು ಕಣ್ಣು ಬಿಟ್ಟ. ಆಮೇಲೆ ನೆನಪಾಯಿತು: ಹಿಂದೆ ಹೆಡ್‌ಕ್ಲರ್ಕ್ ಒಂದೊಂದೇ ಮೇಜಿಗೆ ಬಂದು ತಮ್ಮದೇ ಹೆಸರು, ಪಾಸ್‌ವರ್ಡ್ ಒತ್ತಿ ಹೋಗಿದ್ದರು. ಯಂತ್ರಗಳು ಅದನ್ನೇ ನೆನಪಿಟ್ಟುಕೊಂಡಿದ್ದವು. ಹೆಡ್‌ಕ್ಲರ್ಕ್ ತೀರಿಕೊಂಡು ಆರು ವರ್ಷ. ಅವರ ಮರಣಪತ್ರ ಬರೆದವಳು ನಾನೇ. ಸತ್ತವರ ಪಟ್ಟಿ ಇಡುವ ಕಚೇರಿಯಲ್ಲಿ ಸತ್ತವರೊಬ್ಬರು ಒಂದು ದಿನವೂ ರಜೆ ಹಾಕದೆ ದುಡಿದಿದ್ದರು! ನಗಬೇಕಾದ ಮಾತು, ನಾನು ಹಿಂದಿನ ಕೋಣೆಗೆ ಓಡಿದೆ.

ಮೇಲಿನ ಕಚೇರಿಗೆ ಫೋನು ಮಾಡಿದೆವು. "ಪತ್ರ ಬರೀರಿ, ಹದಿನೈದು ದಿನ ಆಗುತ್ತೆ" ಎಂದರು. ನನ್ನ ತಮ್ಮ, ಬಾಯಿಗೆ ಬಂದ ಪದಗಳನ್ನೆಲ್ಲ ಒತ್ತುತ್ತಿದ್ದ. ಹೆಡ್‌ಕ್ಲರ್ಕರ ಹೆಂಡತಿಯ ಹೆಸರು, ಮಕ್ಕಳ ಹೆಸರು, ನಾಯಿಯ ಹೆಸರು. ನಲವತ್ತೆರಡರ ಗಂಡಸು ಹಾಗೆ ತಡಕಾಡುವುದನ್ನು ನೋಡಲಾರದೆ ನಾನು ಅವನಿಗೇ ಬೈದೆ.

ಒಂಬತ್ತೂ ಮುಕ್ಕಾಲಿಗೆ ಟೈಪಿಸ್ಟಮ್ಮ ಎಂದಿನಂತೆ ತಡವಾಗಿ ಬಂದರು. ಸಂಗತಿ ಕೇಳಿ ನಕ್ಕುಬಿಟ್ಟರು.

"ಇಷ್ಟಕ್ಕೆ ಯಾಕೋ ಮುಖ ಹೀಗೆ ಮಾಡ್ಕೊಂಡಿದೀಯ? ನಂದು ಹಳೇದೇ ಇದೆಯಲ್ಲ, ಅದ್ರಿಂದ ಆ ಪಾಸ್‌ವರ್ಡ್ ತೆಕ್ಕೋ. ಮುದುಕಿ ಹಟ ಒಂದು ಸಲ ಕೆಲಸಕ್ಕೆ ಬಂತು ನೋಡು."

ಹೋದ ಜೀವ ಬಂದಂತಾಯಿತು ನನಗೆ. ತಿರುಗಿ ನೋಡಿದರೆ ತಮ್ಮನ ಮುಖದಲ್ಲಿ ರಕ್ತವೇ ಇಲ್ಲ. ಆ ಮುಖ ನನಗೆ ಗೊತ್ತು. ಟೈಪಿಸ್ಟಮ್ಮನ ಪರದೆ ಬೆಳಗುವ ಮೊದಲೇ ಗೊತ್ತಾಯಿತು.

"ಮಾತು ಕೊಟ್ಟಿದ್ಯಲ್ಲೋ" ಎಂದರು ಟೈಪಿಸ್ಟಮ್ಮ, ಮೆಲ್ಲಗೆ.

"ನಿನ್ನೆ ಸಂಜೆ ಅದನ್ನೂ ಬದಲಿಸಿಬಿಟ್ಟೆ... ಅದೊಂದೇ ಉಳಿದಿತ್ತಮ್ಮಾ."

ಗಡಿಯಾರ ಹತ್ತು ಹೊಡೆಯಿತು. ಸಾಹೇಬರು ಬಾಗಿಲಲ್ಲಿ ನಿಂತು "ತೆರೀತಾ?" ಎಂದರು. ತಮ್ಮ ನನ್ನ ಕಡೆ ನೋಡಿದ. ಅವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳು ನಾನು. ಇಲ್ಲ ಎಂದು ಹೇಳಿದವಳೂ ನಾನೇ.