ಬೆಲ್ಟು ನಿಲ್ಲದ ಮೂರು ದಿನ

ಹುಕ್ಕೇರಿಯ ಧನಪಾಲ ಮಗದುಮ್ಮ ಹತ್ತರಗಿಯ ಹತ್ತಿರ ಕಸ ಸುಟ್ಟು ಕರೆಂಟು ಮಾಡುವ ಕಾರಖಾನೆಗೆ ಸೇರಿದಾಗ, ಅವನ ತಾಯಿ ಸೀತಾಬಾಯಿ ಒಂದು ವಾರ ಮಗನೊಡನೆ ಮಾತು ಬಿಟ್ಟಿದ್ದಳು. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ ಅದು.

"ಆ ಬೆಂಕ್ಯಾಗ ದಿನಾ ಎಷ್ಟ ಜೀವ ಹೋಗ್ತಾವೋ, ಅದರ ಪಾಪ ಯಾರಿಗಿ?" ಎಂದು ಕೊನೆಗೊಮ್ಮೆ ಕೇಳಿದಳು.

ಅದಕ್ಕೇ ಧನಪಾಲ ಒಂದು ರೂಢಿ ಮಾಡಿಕೊಂಡಿದ್ದ. ಕಸದ ಅಂಗಳದ ಮೇಲ್ವಿಚಾರಣೆ ಅವನದು. ಯಂತ್ರ ರಾಶಿಗೆ ಕೈ ಹಾಕುವ ಮೊದಲು ತಾನೇ ಸುತ್ತಲೂ ತಗಡು ಬಡಿಯುತ್ತ ಹೋಗುತ್ತಿದ್ದ. ನಾಯಿ, ಹಂದಿ, ಕೊಕ್ಕರೆ ಎಲ್ಲ ಎದ್ದು ಹೋದ ಮೇಲೆಯೇ ಕೈ ಬೀಸುತ್ತಿದ್ದ. ಕೂಲಿಗಳು ನಗುತ್ತಿದ್ದರು. ಸುಂದ್ರವ್ವ ಮಾತ್ರ ನಗುತ್ತಿರಲಿಲ್ಲ. ಕೌಜಲಗಿ ಕಡೆಯ ಹೆಂಗಸು ಅವಳು; ಹೆದ್ದಾರಿಯ ಬಾಜೂ ಗುಡಿಸಲು ಹಾಕಿಕೊಂಡು, ಕಸದಲ್ಲಿ ತಾಮ್ರದ ತಂತಿ, ಬಾಟಲಿ ಆರಿಸುತ್ತಿದ್ದಳು. ತಗಡಿನ ಸಪ್ಪಳ ಕೇಳಿದರೆ ಚೀಲ ಹೊತ್ತು ರಾಶಿಯಿಂದ ಇಳಿದು, "ಇಳದೇನ್ರಿ ಅಣ್ಣಾರ" ಎಂದು ಕೂಗಿ ಹೇಳುತ್ತಿದ್ದಳು.

ಎರಡು ಸಾವಿರದ ಐದರ ಸುಮಾರಿಗೆ ರಾಜ್ಯದ ಹೊಸ ನಿಯಮದ ಮಾತು ಕಾರಖಾನೆಯಲ್ಲೆಲ್ಲ ಹಬ್ಬಿತು. ಊರ ಕಸದಿಂದ ತಯಾರಾದ ಕರೆಂಟನ್ನು ಗಾಳಿ, ಬಿಸಿಲಿನ ಕರೆಂಟಿನ ಸಾಲಿಗೆ ಸೇರಿಸುತ್ತಾರೆ, ಅದಕ್ಕೆ ಹೆಚ್ಚಿನ ದರ ಸಿಗುತ್ತದೆ. ಆದರೆ ಒಂದು ಷರತ್ತು: ಅಧಿಕಾರಿಗಳ ಎದುರಿಗೆ ಮೂರು ದಿನ, ಮೂರು ರಾತ್ರಿ, ಕಲ್ಲಿದ್ದಲು ಮುಟ್ಟದೆ ಬರೀ ಕಸದ ಮೇಲೆ ಒಲೆ ಉರಿಯಬೇಕು. ನಡುವೆ ನಿಂತರೆ ಪರೀಕ್ಷೆ ಹೋಯಿತು. ಅರ್ಜಿ ಮತ್ತೆ ಮೊದಲಿನಿಂದ.

ಮ್ಯಾನೇಜರ್ ಕೇದಾರಿ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಈ ಮೂರ ದಿನ ಬೆಲ್ಟ್ ನಿಂದರಬಾರದು. ನಿಂತ್ರ ಕಾರಖಾನಿ ನಿಂತಂಗ, ನಿಮ್ಮ ಪಗಾರ ನಿಂತಂಗ."

ಕಸವನ್ನು ಒಲೆಯ ಬಾಯಿಗೆ ಒಯ್ಯುವ ಉದ್ದನೆಯ ರಬ್ಬರ್ ಬೆಲ್ಟು ಅದು. ಅದರ ಪಕ್ಕದಲ್ಲೇ ಕೆಂಪು ಹಗ್ಗ. ಏನಾದರೂ ಆಪತ್ತು ಬಂದರೆ ಅದನ್ನು ಜಗ್ಗಬೇಕು, ಬೆಲ್ಟು ಅಲ್ಲಿಗೇ ನಿಲ್ಲುತ್ತದೆ.

ಆ ಮೂರು ದಿನ ಗೋಕಾಕ, ಹುಕ್ಕೇರಿಯ ಲಾರಿಗಳು ಒಂದರ ಹಿಂದೊಂದು ಬಂದವು. ತಗಡು ಬಡಿಯಲು ಪುರುಸೊತ್ತು ಸಿಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ, ಅಧಿಕಾರಿಗಳು ಒಳಗೆ ಚಹಾ ಕುಡಿಯುತ್ತಿದ್ದಾಗ, ಧನಪಾಲ ಬೆಲ್ಟಿನ ಮಗ್ಗುಲಲ್ಲಿ ನಿಂತಿದ್ದ. ಒದ್ದೆ ಕಸದ ನಡುವೆ ಒಂದು ಕಾಲು ಬಂತು. ಬೆರಳು ಮೇಲಾಗಿ, ಮಣ್ಣು ಮೆತ್ತಿದ ಕಾಲು. ಅದರಲ್ಲಿ ನೀಲಿ ಹವಾಯಿ ಚಪ್ಪಲಿ, ಕಿತ್ತ ಪಟ್ಟಿಗೆ ಹಸಿರು ದಾರ. ಆ ದಾರ ಕಟ್ಟಿದ ಚಪ್ಪಲಿಯನ್ನು ಅವನು ಸುಂದ್ರವ್ವನ ಕಾಲಲ್ಲಿ ದಿನವೂ ಕಂಡಿದ್ದ.

ಅವನ ಕೈ ಹಗ್ಗಕ್ಕೆ ಹೋಯಿತು. ಹಿಡಿಯಿತು ಕೂಡ. ಆದರೆ ಜಗ್ಗುವ ಬದಲು ಅವನು ಕತ್ತೆತ್ತಿ, ಮೇಲೆ ನಿಂತಿದ್ದ ಕೇದಾರಿಯನ್ನು ನೋಡಿದ.

"ಸಾಹೇಬ್ರ, ಕಾಲ ಕಂಡಂಗಾತ್ರಿ."

"ಸೀರಿ ಅಂಗಡಿ ಗೊಂಬಿದ ಇರ್ತೈತಿ. ಇನ್ನ ಎರಡ ತಾಸ ಉಳದೈತಿ, ಕೈ ಬಿಡ ಅದನ್ನ."

ಅವನು ಕೈ ಬಿಟ್ಟ. ಅಷ್ಟರಲ್ಲಿ ಕಾಲು ಒಲೆಯ ಬಾಯಿ ದಾಟಿತ್ತು. ಸಂಜೆ ಐದಕ್ಕೆ ಪರೀಕ್ಷೆ ಮುಗಿಯಿತು, ಪೇಢೆ ಹಂಚಿದರು. ಧನಪಾಲನೂ ಒಂದು ತಿಂದ.

ಮರುದಿನ ಸುಂದ್ರವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುಡಿಸಲಿನ ಬಾಗಿಲಿಗೆ ತಂತಿ ಸುತ್ತಿತ್ತು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳದೆ ಇದ್ದರೆ ಅವಳು ಇನ್ನೂ ಎಲ್ಲಿಯೋ ಇದ್ದಾಳೆ ಎಂಬಂತಿರುತ್ತಿತ್ತು. ಹಾಗೆಯೇ ಏಳು ತಿಂಗಳು ಕಳೆದವು.

ಆ ಏಳು ತಿಂಗಳೂ ಅವಳು ಅವನನ್ನು ಬಿಡಲಿಲ್ಲ. ತಗಡು ಬಡಿದರೆ, "ಇಳದೇನ್ರಿ ಅಣ್ಣಾರ" ಎಂಬ ದನಿ ರಾಶಿಯ ಆಚೆಯಿಂದ ಕೇಳುತ್ತಿತ್ತು. ಓಡಿ ಹೋಗಿ ನೋಡಿದರೆ ಬರೀ ಕಾಗೆಗಳು. ಚಿಮಣಿಯ ಹೊಗೆ ತನ್ನ ಅಂಗಿಗೆ ಮಾತ್ರ ಬೇರೆ ವಾಸನೆ ಹಚ್ಚುತ್ತಿದೆ ಎನಿಸಿ, ಬಾವಿಯ ಕಟ್ಟೆಯ ಮೇಲೆ ಅದನ್ನು ಮೂರು ಮೂರು ಸಲ ಒಗೆಯುತ್ತಿದ್ದ. ಬಸದಿಯಲ್ಲಿ ಕಣ್ಣು ಮುಚ್ಚಿದರೆ ಹಸಿರು ದಾರ. ಒಂದು ದಿನ ಹೊತ್ತಿರುವಾಗಲೇ ಉಣ್ಣಲು ಕೂತವನು ತಾಟಿನ ಮುಂದೆ ಹಾಗೆಯೇ ಕೂತುಬಿಟ್ಟ. ಹೊತ್ತು ಮುಳುಗಿತು, ಅನ್ನ ಮುಟ್ಟಿರಲಿಲ್ಲ.

ಹೆಂಡತಿ ಶುಭಾಂಗಿ ತಾಟು ತೆಗೆಯಲಿಲ್ಲ. ಎದುರಿಗೆ ಕೂತಳು. "ಎಷ್ಟೋ ತಿಂಗಳಾತು ನೀವು ಅರಿವಿ ಒಗ್ಯೂದ ನೋಡಾಕತ್ತೇನಿ. ಏನಾಗೇತಿ ಹೇಳ್ರಿ."

ಹೇಳಿದ. ಅವಳು ಸಮಾಧಾನದ ಮಾತಾಡಲಿಲ್ಲ. "ನಾಳೆ ಹೋಗಿ ಕೇಳಿ ಬರ್ರಿ. ನೀವು ಹೋಗಲಿಲ್ಲಂದ್ರ ನಾ ಹೋಗತೀನಿ."

ಗುಡಿಸಲ ಸಾಲಿನಲ್ಲಿ ಉದ್ದವ್ವ ಎಂಬ ಮುದುಕಿ ತಲೆ ಬಾಚಿಕೊಳ್ಳುತ್ತ ಕೂತಿದ್ದಳು. "ಸುಂದ್ರಿ? ಆಕಿ ಅಕ್ಕಗ ಲಕ್ವಾ ಹೊಡೀತು ಅಂತ ಕೌಜಲಗಿಗಿ ಹೋದ್ಲಲ್ಲ. ಅಲ್ಲೇ ಅದಾಳ."

ಧನಪಾಲ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತ. ಆದರೂ ಕಣ್ಣಾರೆ ಕಾಣದೆ ಮನಸ್ಸು ನಂಬಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸಿ ಕೌಜಲಗಿಗೆ ಹೋದ.

ಸುಂದ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗಿನಿಂದ ಚಹಾ ತಂದು ಕೊಟ್ಟಳು. ಅವನು ಚಪ್ಪಲಿಯ ಮಾತೆತ್ತಿದಾಗ ನಕ್ಕಳು. "ಅಯ್ಯ, ಅದಾ? ಗೋಕಾಕದ ಲಾರ್‍ಯಾಗ ಗೊಂಬಿ ಕಾಲ ಬಂದಿತ್ರಿ. ಹೊಸಾ ಚಪ್ಪಲಿ ತಗೊಂಡಿದ್ದೆ, ಹಳೀದು ಅದಕ್ಕ ಹಾಕಿ ಚಾಷ್ಟಿ ಮಾಡಿದ್ದೆ."

ಅಲ್ಲಿಗೇ ಮುಗಿಸಿ ಎದ್ದು ಬರಬಹುದಿತ್ತು. ಧನಪಾಲ ಏಳಲಿಲ್ಲ. ಹಗ್ಗದ ಸಂಗತಿ ಎಲ್ಲ ಹೇಳಿದ. ಹೇಳುತ್ತ ಹೋದಂತೆ ಅವಳ ಕೈಯ ಮೊರ ನಿಂತಿತು.

"ನಾನ ಅಂತ ತಿಳದಿದ್ರಿ?"

"ಹೌದು."

"ತಿಳದೂ ಜಗ್ಗಲಿಲ್ಲ."

"ಇಲ್ಲ."

ಅವಳು ಬೈಯಲಿಲ್ಲ. ಅವನ ಮುಂದಿನ ಚಹಾದ ಕಪ್ಪು ಅರ್ಧ ತುಂಬಿತ್ತು. ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದಳು. "ಗೋಕಾಕ ಬಸ್ಸಿನ ಹೊತ್ತಾತು, ನಡೀರಿ," ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಆ ತಿಂಗಳೇ ಧನಪಾಲ ಕೆಲಸ ಬಿಟ್ಟ. ಯಮಕನಮರಡಿಯಲ್ಲಿ ಬೀಜ, ಗೊಬ್ಬರದ ಅಂಗಡಿಯಲ್ಲಿ ತೂಕಕ್ಕೆ ನಿಂತ. ಕಾರಖಾನೆಗೆ ಮಾನ್ಯತೆಯ ಪತ್ರ ಸಿಕ್ಕಿತು. ಆದರೆ ಮಳೆಗಾಲದ ಹಸಿ ಕಸ ಉರಿಯದೆ, ಮೂರನೆಯ ವರ್ಷಕ್ಕೆ ಅದೂ ಬಾಗಿಲು ಹಾಕಿತು.

ಸತ್ತವಳು ಬದುಕಿದ್ದಾಳೆಂದು ತಿಳಿದ ಮೇಲೆ ಕಾಟ ಮುಗಿಯಬೇಕಿತ್ತು, ಮುಗಿಯಲಿಲ್ಲ. ಈಗ ಅವನ ಬೆನ್ನು ಹತ್ತಿದ್ದು ಸುಂದ್ರವ್ವನಲ್ಲ, ಅಂದು ಹಗ್ಗ ಬಿಟ್ಟ ಮನುಷ್ಯ. ಊರ ತಿಪ್ಪೆಯ ಹತ್ತಿರ ಯಾರಾದರೂ ಬಗ್ಗಿ ಏನನ್ನೋ ಆರಿಸುತ್ತಿದ್ದರೆ ಅವನು ದಾರಿಯಲ್ಲೇ ನಿಂತುಬಿಡುತ್ತಾನೆ. "ಯಾರವ್ವಾ ಅದು?" ಎಂದು ಕೂಗುತ್ತಾನೆ. ಅವರು ಕತ್ತೆತ್ತಿ ಮುಖ ತೋರಿಸುವ ತನಕ ಅಲ್ಲಿಂದ ಕದಲುವುದಿಲ್ಲ.