ಬುಗುರಿ ಹಿಡಿದ ಅಂಗೈ

ನಮ್ಮ ಬಸ್ಸಿನ ಡ್ರೈವರ್ ಅಯ್ಯನವರ ಎರಡು ಕೈಗಳು ಒಬ್ಬನೇ ಮನುಷ್ಯನವು ಎಂದರೆ ನಂಬುವುದು ಕಷ್ಟವಾಗಿತ್ತು. ಬಲಗೈ ಬಸ್ಸಿನ ಹಿಂಬದಿಯ ಒಲೆಗೆ ಇದ್ದಿಲು ತುಂಬಿ ತುಂಬಿ ಬಾಣಲೆಯ ತಳದಂತಾಗಿತ್ತು. ಎಡ ಅಂಗೈ ಮಾತ್ರ ಈಗಷ್ಟೇ ತೊಳೆದಂತೆ ಶುಭ್ರವಾಗಿರುತ್ತಿತ್ತು. ಇದ್ದಿಲು, ಎಣ್ಣೆ, ಟೈರು ಯಾವುದನ್ನೂ ಅದು ಮುಟ್ಟದು. ಗೇರು ಹಾಕುವುದಷ್ಟೇ ಅದರ ಕೆಲಸ. ಊಟಕ್ಕೆ ಮುಂಚೆ ಅವರು ಇಷ್ಟಲಿಂಗವನ್ನಿಟ್ಟು ಪೂಜಿಸುತ್ತಿದ್ದದ್ದು ಆ ಅಂಗೈಯಲ್ಲಿ.

ನಾನಾಗ ಪಾವಗಡದ ಶಾಲೆಯಲ್ಲಿ ಮೇಷ್ಟ್ರು, ಮನೆ ಮಧುಗಿರಿಯಲ್ಲಿ, ಓಡಾಟ ಅವರ ಬಸ್ಸಿನಲ್ಲೇ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ನನ್ನ ದೊಡ್ಡ ಮನಸ್ಸು. ದಿಬ್ಬ ಬಂದರೆ ಎಲ್ಲರೂ ಇಳಿದು ತಳ್ಳಬೇಕಿತ್ತು. ಯಾರಾದರೂ ಗೊಣಗಿದರೆ ಅಯ್ಯನವರು ಬಾನೆಟ್ಟು ತಟ್ಟುತ್ತಾ, "ಅದಕ್ಕೂ ವಸಿ ಉಸುರು ತಗಳಾಕೆ ಬುಡ್ರಿ" ಅನ್ನುತ್ತಿದ್ದರು. ಬಸ್ಸನ್ನು ಬೈದರೆ ಮಾತ್ರ ಅವರಿಗೆ ಮುನಿಸು ಬರುತ್ತಿತ್ತು.

ಅವರ ಅಣ್ಣ ಮಠದ ಪೂಜೆ ನೋಡಿಕೊಳ್ಳುತ್ತಿದ್ದವರು. ತಮ್ಮನ ಕೆಲಸ ಅವರಿಗೆ ಎಳ್ಳಷ್ಟೂ ಒಪ್ಪಿಗೆಯಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಬಂದು ಎಲ್ಲರೆದುರೇ ಗದರಿಸುವರು: "ಲಿಂಗ ಹಿಡಿಯೋ ಕೈನಾಗೆ ಕಬ್ಣ ಹಿಡೀತೀಯಲ್ಲೋ! ಎಲ್ಡೂ ಆಗಾಕಿಲ್ಲ ಕಣೋ." ಅಯ್ಯನವರು ನಕ್ಕು ಹಾರ್ನ್ ಒತ್ತುವರು. ಅಣ್ಣನಿಗೆ ಅವರು ಕೊಡುತ್ತಿದ್ದ ಉತ್ತರ ಅದೊಂದೇ.

ಒಂದು ಬೇಸಿಗೆಯಲ್ಲಿ ಯಾರೋ ಕಡಲೆಕಾಯಿ ಮೂಟೆಯನ್ನು ಮುಂದಿನ ಸೀಟಿನ ಕಡೆ ಎತ್ತಿ ಎಸೆದರು. ಅದು ಬಿದ್ದ ಏಟಿಗೆ ಗೇರಿನ ಸಲಾಕೆಯ ತುದಿಯಲ್ಲಿದ್ದ ಕರಿ ಗುಂಡು ಚೂರುಚೂರಾಯಿತು. ಉಳಿದದ್ದು ಬರೀ ಕಬ್ಬಿಣ, ಅದೂ ತಿರುಪಿನ ಗೀರುಗಳಿದ್ದ ಚೂಪು ತುದಿ. ಹೊಸ ಗುಂಡು ಬೆಂಗಳೂರಿನಲ್ಲೂ ಸಿಗಲಿಲ್ಲ. ಬಸ್ಸಿನ ಯಜಮಾನರಂತೂ "ಗಾಡಿ ಓಡ್ತೈತಲ್ಲ, ಇನ್ನೇನು?" ಎಂದು ಕೈತೊಳೆದುಕೊಂಡರು.

ಅಯ್ಯನವರು ಚಿಂದಿ ಸುತ್ತಿ ನೋಡಿದರು, ಜಾರಿತು. ಇಂಜಿನ್ನಿನ ಕಾವಿಗೆ ಕಬ್ಬಿಣ ಸುಟ್ಟು ಅಂಗೈಯಲ್ಲಿ ಬೊಬ್ಬೆಗಳು ಎದ್ದವು, ಒಡೆದವು, ರಕ್ತ ಬಂತು. ದಾರಿಯ ಬಾವಿಯ ಹತ್ತಿರ ಬಸ್ಸು ನಿಂತಾಗ ಸ್ನಾನ, ಪೂಜೆ ಮುಗಿಸಿ ರೊಟ್ಟಿ ಗಂಟು ಬಿಚ್ಚುವುದು ಅವರ ರೂಢಿ. ಒಂದು ದಿನ ನೋಡಿದರೆ ಗಂಟು ಬಿಚ್ಚದೆ ಸುಮ್ಮನೆ ಕೂತಿದ್ದಾರೆ.

"ಯಾಕೆ ಅಯ್ಯನೋರೇ, ಹಸಿವಿಲ್ಲವೇ?"

ಅವರು ಎಡಗೈ ಬಿಚ್ಚಿ ತೋರಿಸಿದರು. ನೋಡಲಾಗಲಿಲ್ಲ.

"ಕೀವು, ರಕ್ತದ ಮ್ಯಾಲೆ ಲಿಂಗ ಹೆಂಗೆ ಇಡಲಿ ಮೇಷ್ಟ್ರೇ? ಪೂಜೆ ಇಲ್ದೆ ಹೆಂಗೆ ಉಣ್ಣಲಿ?"

ಹಾಲು, ನೀರಿನಲ್ಲೇ ದಿನ ದೂಡುತ್ತಿದ್ದಾರೆಂದು ಆಗ ತಿಳಿಯಿತು. ಬಟ್ಟೆ ಹಾಸಿ ಅದರ ಮೇಲೆ ಇಡಬಹುದಲ್ಲ, ಯಾವ ಶಾಸ್ತ್ರ ಬೇಡ ಅನ್ನುತ್ತದೆ ಎಂದು ನಾನು ವಾದಕ್ಕಿಳಿದೆ. ಅವರು ತಲೆಯಾಡಿಸಿದರು. "ಅಣ್ಣ ಹೇಳಿದ್ದೇ ದಿಟ ಆಯ್ತು ಕಣ್ರಿ. ಈ ವಾರ ಕಳೀಲಿ, ಬಸ್ಸು ಬುಟ್ಟುಬುಡ್ತೀನಿ." ಹಾಗೆನ್ನುವಾಗ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಬಸ್ಸನ್ನು.

ಮರುದಿನ ಸೀಮೆಸುಣ್ಣಕ್ಕಾಗಿ ಶಾಲೆಯ ಮೇಜಿನ ಡ್ರಾಯರು ಎಳೆದೆ. ಪಾಠದ ನಡುವೆ ಆಡುವವರಿಂದ ಕಿತ್ತುಕೊಂಡಿದ್ದ ಬುಗುರಿಗಳು ಗಡಗಡ ಉರುಳಿದವು. ಒಂದು ಬುಗುರಿ ಅಂಗೈಗೆ ಬಂದು ಕೂತಿತು. ದುಂಡನೆಯ ತಲೆ, ನುಣ್ಣಗಿನ ಜಾಲಿ ಮರ. ಮೊಳೆ ಕಿತ್ತರೆ ತೂತು ಆಗಲೇ ಇದೆ!

ಊರಿಗೆ ಮರಳಿದ ಕೂಡಲೇ ಅಯ್ಯನವರನ್ನು ಕುಲುಮೆಗೆ ಎಳೆದುಕೊಂಡು ಹೋದೆ. ಕಮ್ಮಾರ ಮೊಳೆ ಕಿತ್ತು, ಕಾದ ಸಲಾಕೆಯಿಂದ ತೂತು ಹಿಗ್ಗಿಸಿ, ಬುಗುರಿಯನ್ನು ತಲೆ ಮೇಲಾಗಿ ಗೇರಿಗೆ ಬಡಿದು ಕೂರಿಸಿದ. ಅಯ್ಯನವರು ಮೆಲ್ಲಗೆ ಕೈಯಿಟ್ಟರು. ಗೇರು ಹಾಕಿದರು, ತೆಗೆದರು, ಮತ್ತೆ ಹಾಕಿದರು. "ತಣ್ಣಗೈತೆ" ಎಂದರು. ಅಷ್ಟಕ್ಕೇ ಅವರ ಕಣ್ಣು ತುಂಬಿತು.

ಪಾವಗಡದ ಕಡೆಯ ಒಬ್ಬ ಅಜ್ಜಿ ಅದನ್ನು ಕಂಡು, "ಏಮಯ್ಯಾ, ಬೊಂಗರಂ ಪಟ್ಕೊನಿ ಬಸ್ಸು ನಡುಪುತಾವಾ?" ಎಂದು ತೆಲುಗಿನಲ್ಲಿ ಹಂಗಿಸಿದಳು. ಬುಗುರಿ ಹಿಡಿದು ಬಸ್ಸು ಓಡಿಸ್ತೀಯಾ ಎಂದು ಬಸ್ಸಿಗೆ ಬಸ್ಸೇ ನಕ್ಕಿತು. ಅಯ್ಯನವರೂ ನಕ್ಕರು. ಗಾಯ ಮಾಗಿತು. ಬಾವಿಯ ಹತ್ತಿರ ಪೂಜೆ ಮುಗಿಸಿ ರೊಟ್ಟಿ ಬಿಚ್ಚಿದ ದಿನ ಮೊದಲ ತುಂಡನ್ನು ನನ್ನ ಕೈಗಿಟ್ಟರು. ಬಸ್ಸು ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಯುದ್ಧ ಮುಗಿದು, ಪೆಟ್ರೋಲು ಮತ್ತೆ ಸಿಗತೊಡಗಿದ ಮೇಲೂ ಆ ಬುಗುರಿಯನ್ನು ಅವರು ತೆಗೆಸಲಿಲ್ಲ. ಮುಂದೊಂದು ವರ್ಷ ವಿಷಮಜ್ವರ ಬಂದು ತೀರಿಕೊಂಡರು. ನಾನು ಹೋದಾಗ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಸಮಾಧಿಗೆ ಮುನ್ನ ಎಡ ಅಂಗೈಯಲ್ಲಿ ಲಿಂಗವಿಡಬೇಕು. ಅಣ್ಣ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಬುಗುರಿಯ ತಲೆ ಕೂತು ಕೂತು ಅಂಗೈ ನಡುವೆ ದುಂಡನೆಯ ತಗ್ಗು, ಸುತ್ತ ಜಡ್ಡು.

"ಇದೇನು ಮೇಷ್ಟ್ರೇ, ಎಷ್ಟು ತಿಕ್ಕಿದ್ರೂ ಹೋಗಾಕಿಲ್ಲ?"

"ಗೇರು ಹಿಡಿದ ಗುರುತು" ಎಂದೆ.

ಅವರು ಲಿಂಗವನ್ನಿಟ್ಟರು. ಲಿಂಗ ಜಾರದಂತೆ ಬೆರಳು ಮಡಿಸಿ ಕಟ್ಟಬೇಕೆಂದು ಯಾರೋ ದಾರ ಹಿಡಿದು ನಿಂತಿದ್ದರು. ಲಿಂಗ ಆ ತಗ್ಗಿನಲ್ಲಿ ಕದಲದೆ ಕೂತಿತು. ಅಣ್ಣ ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿ, "ದಾರ ಬ್ಯಾಡ ಬುಡ್ರಿ" ಎಂದರು.